ಅಮಾವಾಸ್ಯೆ ಅಲ್ಲದ ದಿನ

ವ್ಯಾನಿನ ಹಿಂದಿನ ಸೀಟಿನ ಸಂದಿಗೆ ಬೆರಳು ತೂರಿಸಿ ಸುಮಂಗಲಾ ಅರ್ಧ ಕಡಿದ ಚಕ್ಕುಲಿಯೊಂದನ್ನು ಎಳೆದು ತೆಗೆದಳು. ಅದರ ಬೆನ್ನಿಗೇ ಒಂದು ಕಾಲುಚೀಲ ಬಂತು. ಯಾವ ಮಗುವಿನದೋ ಏನೋ, ಒಂದು ಕಾಲು ಬರಿಗಾಲಲ್ಲಿ ಮನೆ ಸೇರಿದ್ದರೂ ತಾಯಿ ಕೇಳಿಲ್ಲ. ಅದನ್ನು ಝಾಡಿಸಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಒದ್ದೆ ಬಟ್ಟೆಯನ್ನು ಮತ್ತೊಮ್ಮೆ ಹಿಂಡಿ, ಸೀಟು ಒರೆಸುತ್ತ ಮುಂದಕ್ಕೆ ಬಂದಳು. ಮಕ್ಕಳು ಹತ್ತುವಷ್ಟರಲ್ಲಿ ಸೀಟು ಒಣಗಬೇಕು. ಸನತ್‌ನಗರದ ಆ ಓಣಿಯಲ್ಲಿ ಆಗಲೇ ಬೆಳಗಿನ ಪಾಳಿಗೆ ಹೊರಟ ಕಾರ್ಖಾನೆ ಜನರ ಬೈಕುಗಳು ಒಂದರ ಹಿಂದೆ ಒಂದು ಓಡುತ್ತಿದ್ದವು.

ಗಾಡಿಯ ಮುಂದೆ ಅವಳ ಗಂಡ ಅಮರೇಶಪ್ಪ ಹಣೆತುಂಬ ವಿಭೂತಿ ಹಚ್ಚಿಕೊಂಡು ನಿಂತಿದ್ದ. ನಿಂಬೆಹಣ್ಣು, ಹಸಿಮೆಣಸಿನಕಾಯಿ ಪೋಣಿಸಿದ ದಾರವನ್ನು ಬಂಪರಿಗೆ ಕಟ್ಟಿ, ಕರ್ಪೂರ ಬೆಳಗಿ, ಬೂದುಗುಂಬಳಕಾಯಿ ಎತ್ತಿ ನೆಲಕ್ಕೆ ಅಪ್ಪಳಿಸಿದ. ನಂತರ ಕೀಲಿಯನ್ನು ಕಣ್ಣಿಗೊತ್ತಿಕೊಂಡು ಪಕ್ಕದಲ್ಲಿದ್ದ ಮಲ್ಲುವಿನ ಕೈಗಿಟ್ಟ. ಮಲ್ಲು ಕರ್ನಾಟಕದ ಅವರ ಊರ ಕಡೆಯವನೇ. ಸ್ವಂತ ಗಾಡಿಯಿಲ್ಲದೆ, ಕರೆದವರ ಗಾಡಿಗೆ ಬದಲಿ ಡ್ರೈವರಾಗಿ ಹೋಗುವವನು.

ಎದುರಿಗೆ ಹೂವಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಪಾರ್ವತೆಮ್ಮ ಕೈ ಮುಗಿದಳು.

"ಎಂಥಾ ಭಕ್ತಿ ಅಪ್ಪಾ ನಿಂದು! ಅಮಾಸಿ ಬಂದ್ರ ಸ್ಟೇರಿಂಗ ಮುಟ್ಟಂಗಿಲ್ಲ. ನಮ್ಮನಿಯಾಗೂ ಒಬ್ಬ ಡ್ರೈವರ್ ಅದಾನ ನೋಡು, ಅಮಾಸಿ ದಿನ ಬಾಟ್ಲಿ ಬಿಡು ಅಂದ್ರ ಬಿಡಂಗಿಲ್ಲ, ಸ್ಟೇರಿಂಗ ಎಲ್ಲಿಂದ ಬಿಡ್ತಾನ!"

ಮಲ್ಲು ನಕ್ಕ. ಅಮರೇಶಪ್ಪನೂ ನಕ್ಕ. ವ್ಯಾನಿನೊಳಗೆ ಸುಮಂಗಲಾ ಒರೆಸಿದ ಸೀಟನ್ನೇ ಇನ್ನೊಮ್ಮೆ ಒರೆಸಿದಳು.

ಆ ಭಕ್ತಿಯ ಹಿಂದಿನ ಸಂಗತಿ ಮನೆಯ ಮೂವರಿಗೆ ಮಾತ್ರ ಗೊತ್ತಿತ್ತು: ಗಂಡ, ಹೆಂಡತಿ, ಅತ್ತೆ ಸೂಗಮ್ಮ.

ಅಮರೇಶಪ್ಪನಿಗೆ ಮೊದಲ ಸಲ ಮೂರ್ಛೆ ಬಂದದ್ದು ಒಂದು ಅಮಾವಾಸ್ಯೆಯ ನಸುಕಿನಲ್ಲಿ. ಹಾಸಿಗೆಯಲ್ಲೇ ಕೈಕಾಲು ಸೆಟೆದು, ಹಲ್ಲು ಕಚ್ಚಿ, ಬಾಯಲ್ಲಿ ನೊರೆ ಬಂದಿತ್ತು. ಕಬ್ಬಿಣ ಹಿಡಿಸಿದರೆ ಬಿಡುತ್ತದೆ ಎಂದು ಸೂಗಮ್ಮ ಮೊಳೆಗೆ ತೂಗಿದ್ದ ವ್ಯಾನಿನ ಕೀಲಿಯನ್ನೇ ಕಿತ್ತು ಮಗನ ಮುಷ್ಟಿಗೆ ತುರುಕಿದ್ದಳು. ಎರಡನೆಯ ಸಲ ಬಂದಾಗಲೂ ಅಮಾವಾಸ್ಯೆಯೇ. ಸರ್ಕಾರಿ ಆಸ್ಪತ್ರೆಯಲ್ಲಿ ತಲೆಯ ಫೋಟೋ ತೆಗೆದು, ದಿನಾ ನುಂಗಬೇಕೆಂದು ಗುಳಿಗೆ ಬರೆದುಕೊಟ್ಟರು. ದಿನಾ ನುಂಗಿದರೆ ತಲೆ ಭಾರ, ಮೈ ಜಡ ಎಂದು ಅಮರೇಶಪ್ಪ ಗೊಣಗಿದ. ಇದು ಅಮಾವಾಸ್ಯೆಯ ಕಾಟ, ಉಳಿದ ದಿನ ಯಾಕೆ ವಿಷ ನುಂಗಬೇಕು ಎಂದಳು ಸೂಗಮ್ಮ. ಹಾಗೆ ಮೂವರೂ ಸೇರಿ ಒಂದು ಕಟ್ಟಳೆ ಮಾಡಿಕೊಂಡರು. ಅಮಾವಾಸ್ಯೆಯ ಆಚೀಚೆ ಗುಳಿಗೆ, ಅಮಾವಾಸ್ಯೆಯ ದಿನ ಸ್ಟೇರಿಂಗ್ ಬಿಡುವುದು. ಅದಾದ ಮೇಲೆ ವರ್ಷವಿಡೀ ಮೂರ್ಛೆ ಬರಲಿಲ್ಲ. ಕಟ್ಟಳೆಯೇ ಕಾಯುತ್ತಿದೆ ಎಂದು ಸುಮಂಗಲೆಯೂ ನಂಬಿದಳು.

ಪೂರ್ತಿ ನಂಬಿದ್ದಳೆಂದೂ ಹೇಳುವಂತಿರಲಿಲ್ಲ. ಶಾಲೆಯವರು ಗಾಡಿಗೊಬ್ಬ ಆಯಮ್ಮ ಇರಲೇಬೇಕು ಎಂದಾಗ, ಬೇರೆ ಯಾರೂ ಬೇಡ, ನಾನೇ ಬರುತ್ತೇನೆಂದು ಹಟ ಹಿಡಿದು ಬಂದವಳು ಅವಳೇ. ಆಯಮ್ಮಂದಿರೆಲ್ಲ ಬಾಗಿಲ ಬಳಿ ಕೂತರೆ ಇವಳು ಗಂಡನ ಸೀಟಿನ ಬೆನ್ನಿಗೇ ಕೂರುತ್ತಿದ್ದಳು. ಎರಡು ಸೀಟುಗಳ ನಡುವಿನ ಹ್ಯಾಂಡ್‌ಬ್ರೇಕು ಅಲ್ಲಿಂದ ಕೈಗೆ ಸಿಗುತ್ತಿತ್ತು. "ಇದ್ಯಾತಕ್ಕ್ರಿ? ಇದನ್ನ ಎಳದ್ರ ಏನಾಕ್ಕೈತಿ?" ಎಂದು ಒಮ್ಮೆ ಏನೂ ಅರಿಯದವಳಂತೆ ಕೇಳಿ, ಎಳೆದು ನೋಡಿ, ಅದರ ಬಿಗಿ ಎಷ್ಟೆಂದು ಕೈಗೆ ಅಭ್ಯಾಸ ಮಾಡಿಕೊಂಡಿದ್ದಳು. ಶಾಲೆಯ ಗೇಟಿನಲ್ಲಿ ಉಳಿದ ಆಯಮ್ಮಂದಿರು ಚುಡಾಯಿಸುತ್ತಿದ್ದರು. "ಗಂಡನ ಬಿಟ್ಟು ಒಂದು ಗೇಣು ಸರಿಯಲ್ಲ, ಇದೇನು ಹೊಸ ಮದುವಣಗಿತ್ತೀನಾ?" ಸುಮಂಗಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ನಗುವುದು ಸುಲಭವಿತ್ತು.

ಅದು ಅಮಾವಾಸ್ಯೆ ಅಲ್ಲದ ಒಂದು ದಿನ. ಹುಣ್ಣಿಮೆಯೂ ಅಲ್ಲ, ಗ್ರಹಣವೂ ಅಲ್ಲ. ಪಂಚಾಂಗ ನೋಡುವವರು ಯಾರೂ ಬೆರಳಿಟ್ಟು ನಿಲ್ಲದಂಥ ದಿನ.

ಕೂಕಟ್‌ಪಲ್ಲಿಯ ಕೊನೆಯ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ತಾರಾ ಹತ್ತಿದಳು. ಒಂದನೇ ಕ್ಲಾಸಿನ ಹುಡುಗಿ. ಅವಳ ತಾಯಿ ಚಿತ್ರಾ ಮೈಸೂರಿನವಳು, ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ. ವ್ಯಾನಿನ ಆಯಮ್ಮ ಕನ್ನಡದವಳೆಂದು ತಿಳಿದ ದಿನ ಅವಳು ಸುಮಂಗಲೆಯ ಕೈ ಹಿಡಿದುಕೊಂಡು ಕುಣಿದಿದ್ದಳು.

"ಆಯಮ್ಮ, ಇವಳು ಸೀಟ್ ಮೇಲೆ ನಿಂತ್ಕೊಂಡ್ರೆ ಗದರಿಸಿ. ನೀವು ಅದರಲ್ಲಿ ಇದ್ದೀರಲ್ಲ, ಅದಕ್ಕೇ ನಾನು ನೆಮ್ಮದಿಯಾಗಿ ಆಫೀಸಿಗೆ ಹೋಗೋದು."

"ನೀವೇನ್ ಚಿಂತಿ ಮಾಡಬ್ಯಾಡ್ರಿ ಅಕ್ಕೋರೆ," ಎಂದು ಸುಮಂಗಲಾ ಬಾಗಿಲೆಳೆದಳು.

ಮೂಸಾಪೇಟೆ ದಾಟಿ, ಭರತ್‌ನಗರದ ಸೇತುವೆ ಹತ್ತಿ, ಗಾಡಿ ಎರ್ರಗಡ್ಡದ ಕಡೆ ಇಳಿಯತೊಡಗಿತ್ತು. ಮೇಲೆ ಮೆಟ್ರೊ ರೈಲು ಹೋಯಿತು. ಮಕ್ಕಳು ಎಂದಿನಂತೆ ಕೂಗಿ ಕೈ ಬೀಸಿದರು. ಆ ಗದ್ದಲದ ನಡುವೆ ತಾರಾ ಅವಳ ಸೆರಗೆಳೆದಳು.

"ಆಯಮ್ಮ, ಅಂಕಲ್ ಏನೋ ತಿಂತಾ ಇದಾರೆ. ನಂಗೂ ಕೊಡಕ್ಕೆ ಹೇಳಿ."

ಸುಮಂಗಲಾ ಕನ್ನಡಿ ನೋಡಿದಳು. ಗಂಡನ ಕಣ್ಣು ತೆರೆದೇ ಇತ್ತು, ಆ ಕಣ್ಣಲ್ಲಿ ಅವನಿರಲಿಲ್ಲ. ಬಾಯಿ ಖಾಲಿ ಗಾಳಿಯನ್ನು ಜಗಿಯುತ್ತಿತ್ತು. ಬಲಗೈ ಸ್ಟೇರಿಂಗ್ ಬಿಟ್ಟು ಅಂಗಿಯ ಗುಂಡಿಯನ್ನು ಕೀಳುವಂತೆ ತಡಕಾಡುತ್ತಿತ್ತು.

"ರೀ!"

ಉತ್ತರವಿಲ್ಲ. ಇಳಿಜಾರು ಗಾಡಿಯನ್ನು ತನ್ನಷ್ಟಕ್ಕೆ ಎಳೆದುಕೊಳ್ಳುತ್ತಿತ್ತು. ಮುಂದೆ ಒಂದು ಸಿಟಿ ಬಸ್ಸಿನ ಬೆನ್ನು ದೊಡ್ಡದಾಗುತ್ತ ಬಂತು. ಸುಮಂಗಲಾ ಎರಡು ಸೀಟುಗಳ ನಡುವೆ ಅರ್ಧ ದೇಹ ತೂರಿಸಿ, ಒಂದು ಕೈಯಿಂದ ಸ್ಟೇರಿಂಗನ್ನು ಎಡಕ್ಕೆ ಜಗ್ಗಿ, ಇನ್ನೊಂದು ಕೈಯಿಂದ ಬ್ರೇಕನ್ನು ಇದ್ದಬದ್ದ ಬಲವೆಲ್ಲ ಹಾಕಿ ಎಳೆದಳು. ವ್ಯಾನು ಕಿರುಚಿ, ಪಕ್ಕಕ್ಕೆ ಹೊರಳಿ, ರಸ್ತೆಯಂಚಿನ ಕಲ್ಲನ್ನು ತೀಡಿ, ಪೇರಲಹಣ್ಣಿನ ಬಂಡಿಯೊಂದಕ್ಕೆ ತಾಗಿ ನಿಂತಿತು. ಹಣ್ಣುಗಳು ಉರುಳಿದವು. ಆಮೇಲೆ ತಾರಾ ಚಪ್ಪಾಳೆ ತಟ್ಟಿದಳು.

"ಇನ್ನೊಂದ್ ಸಲ ಅಂಕಲ್! ಇನ್ನೊಂದ್ ಸಲ!"

ಉಳಿದ ಮಕ್ಕಳೂ ದನಿಗೂಡಿಸಿದರು.

ಅಮರೇಶಪ್ಪ ನಿದ್ದೆಯಿಂದ ಎದ್ದವನಂತೆ ಸುತ್ತ ನೋಡಿದ. "ಯಾಕ ನಿಂತೈತಿ ಗಾಡಿ? ಬ್ರೇಕ್ ಯಾರ ಎಳದಾರ?"

"ಇಳೀರಿ," ಎಂದಳು ಸುಮಂಗಲಾ. ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. "ಇಳೀರಿ ಕೆಳಗ. ಮಲ್ಲುನ ಕರೀತೀನಿ."

ಅಷ್ಟರಲ್ಲಿ ಬಂಡಿಯ ಹೆಂಗಸು ತೆಲುಗಿನಲ್ಲಿ ಅವರ ಮೂರು ತಲೆಮಾರನ್ನು ಬೈಯುತ್ತ ಬಂದಳು. ಜನ ಸೇರಿತು. ಅಮರೇಶಪ್ಪ ಹಣ್ಣು ಆರಿಸಿಕೊಟ್ಟು, ಕೈ ಮುಗಿದು, ಬ್ರೇಕ್ ಹಿಡಿಯಲಿಲ್ಲ ಎಂದು ಸುಳ್ಳು ಹೇಳಿ ವಾಪಸು ಬಂದು ಕೂತ.

"ಮಂದಿ ನೋಡಾಕತ್ಯಾರ. ಬಾಯಿ ಮುಚ್ಚಿ ಕುಂದರು," ಎಂದು ಗಾಡಿ ಶುರು ಮಾಡಿದ.

ಶಾಲೆ ಇನ್ನು ತುಸುವೇ ದೂರವಿತ್ತು. ಆ ತುಸು ದೂರವೂ ಸುಮಂಗಲಾ ಬ್ರೇಕಿನ ಮೇಲಿಟ್ಟ ಕೈ ತೆಗೆಯಲಿಲ್ಲ. ಕಿರುಚಿ ಮಕ್ಕಳನ್ನೆಲ್ಲ ಇಳಿಸಬೇಕಿತ್ತು, ಇಳಿಸಲಿಲ್ಲ. ಹೀಗೆ ಬಾಯಿ ಮುಚ್ಚಿ ಕೂತದ್ದೇ ಅವಳನ್ನು ಆಮೇಲೆ ಬಹಳ ದಿನ ತಿಂದಿತು.

ಮಕ್ಕಳನ್ನು ಬಿಟ್ಟ ಮೇಲೆ, ಮನೆಗೆ ಬೇಳೆ ತರಬೇಕೆಂದು ಹೇಳಿ, ಅವಳು ಒಬ್ಬಳೇ ಸರ್ಕಾರಿ ಆಸ್ಪತ್ರೆಗೆ ಹೋದಳು. ಹೋಗುವ ಮುಂಚೆ ಮಲ್ಲುವಿಗೆ ಫೋನು ಮಾಡಿ, ಮಧ್ಯಾಹ್ನ ಮಕ್ಕಳನ್ನು ಕರೆತರಲು ನೀನೇ ಬಾ, ಅವರಿಗೆ ಮೈ ಹುಷಾರಿಲ್ಲ ಎಂದಿದ್ದಳು. ಮೈ ಜಡವಾಗಿ ಗೋಡೆಗೊರಗಿದ್ದ ಅಮರೇಶಪ್ಪ ಅದಕ್ಕೆ ಇಲ್ಲವೆನ್ನಲಿಲ್ಲ.

ಆಸ್ಪತ್ರೆಯಲ್ಲಿ ಹರೆಯದ ಒಬ್ಬ ಡಾಕ್ಟರಮ್ಮ ಗುಳಿಗೆಯ ಹಾಳೆಯನ್ನು ತಿರುವಿ ನೋಡಿ, "ದಿನಾ ಕೊಡ್ತಿದ್ದೀರಲ್ಲ?" ಎಂದು ತೆಲುಗಿನಲ್ಲಿ ಕೇಳಿದಳು.

ಸುಮಂಗಲಾ ತನಗೆ ಬಂದ ತೆಲುಗಿನಲ್ಲಿ, "ಅಮಾವಾಸ್ಯೆ ಹತ್ತಿರ ಬಂದಾಗ ಕೊಡ್ತೀನಿ ಮೇಡಂ," ಎಂದಳು.

ಡಾಕ್ಟರಮ್ಮ ನಗುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದುಕೊಂಡಿದ್ದಳು. ಅವಳು ಎರಡೂ ಮಾಡಲಿಲ್ಲ. "ಮಿದುಳು ಪಂಚಾಂಗ ಓದಲ್ಲಮ್ಮ," ಎಂದಳು. "ಎರಡು ಸಲ ಅಮಾವಾಸ್ಯೆಗೆ ಬಂತು, ಅದು ಅಕಸ್ಮಾತ್. ದಿನಾ ತಗೊಂಡರೆ ಹೆಚ್ಚಿನವರಿಗೆ ಹತೋಟಿಗೆ ಬರುತ್ತೆ. ಬಿಟ್ಟು ಬಿಟ್ಟು ತಗೊಂಡರೆ ಬಿಟ್ಟ ದಿನಗಳನ್ನೇ ಹುಡುಕಿಕೊಂಡು ಬರುತ್ತೆ. ಅವರು ಏನು ಕೆಲಸ ಮಾಡ್ತಾರೆ?"

ಸುಮಂಗಲಾ ಹೇಳಿದಳು. ಡಾಕ್ಟರಮ್ಮನ ಪೆನ್ನು ನಿಂತಿತು.

"ಮಕ್ಕಳ ಗಾಡಿನಾ?"

"ಹೌದು ಮೇಡಂ."

"ಸ್ಟೇರಿಂಗ್ ಒಂದು ಬೇಡಮ್ಮ. ಬೇರೆ ಏನಾದರೂ ಮಾಡಲಿ, ಮಾಡಬಹುದು. ಮನೆ, ಮದುವೆ, ಮಕ್ಕಳು, ದುಡಿಮೆ, ಯಾವುದಕ್ಕೂ ಇದು ಅಡ್ಡ ಅಲ್ಲ. ಇದರಲ್ಲಿ ನಾಚಿಕೆ ಪಡೋದೂ ಏನಿಲ್ಲ. ಮೂರ್ಛೆ ಬಂದಾಗ ಕೈಗೆ ಕಬ್ಬಿಣ ಕೊಡೋದು ಬಿಟ್ಟು ಮಗ್ಗುಲಾಗಿ ಮಲಗಿಸಿ. ಆದರೆ ಜನ ಕೂತ ಗಾಡಿ ಅವರು ಓಡಿಸಬಾರದು. ಅವರನ್ನು ಕರೆದುಕೊಂಡು ಬನ್ನಿ, ನಾನೇ ಹೇಳ್ತೀನಿ."

ಅಮರೇಶಪ್ಪ ಬರುತ್ತಾನೆಯೇ? ಸಂಜೆ ಮಾತು ತೆಗೆದ ಕೂಡಲೇ ಉಣ್ಣುತ್ತಿದ್ದ ತಟ್ಟೆ ಸರಿಸಿದ.

"ಡಾಕ್ಟರ ಕಡೆ ಹೋಗಿ ನನ್ನ ಮರ್ಯಾದಿ ಹರಾಜ್ ಹಾಕಿ ಬಂದಿ. ಕಣ್ಣಿಗೆ ಕತ್ತಲಿ ಬಂದಿತ್ತು, ಅಷ್ಟ. ಹಿಂದಿನ ದಿನ ನಿದ್ದಿ ಆಗಿದ್ದಿಲ್ಲ."

"ಖಾಲಿ ಬಾಯಿ ಜಗೀತಿದ್ರಿ ನೀವು. ತಾರಾ ನೋಡ್ಯಾಳ. ನೀವು ಏನೋ ತಿನ್ನಾಕತ್ತೀರಿ ಅಂತ ಪಾಲು ಕೇಳಿತು ಆ ಕೂಸು."

ಗೋಡೆಗೊರಗಿ ಕೂತಿದ್ದ ಸೂಗಮ್ಮ ಬಾಯಿ ಹಾಕಿದಳು.

"ನಿಂಗೇನ್ ಗೊತ್ತೈತಿ ಮಂದಿ ನಾಲಿಗಿ? ನನ್ನ ತಮ್ಮಗ ಹಿಂಗಽ ಇತ್ತು. 'ಮೂರ್ಛಿ ಹಣಮ' ಅಂತ ಕರೀತಿದ್ರು ಊರಾಗ. ಅವ ಕುಡದ ನೀರಿನ ಚರಗಿ ಮುಟ್ಟತಿದ್ದಿಲ್ಲ. ಹೆಣ್ಣ ಕೊಡಲಿಲ್ಲ ಯಾರೂ. ಕಾಲಿವಿಗೆ ಜಳಕಕ್ಕ ಹೋದವ ಹೆಣಾಗಿ ಬಂದ. ನನ್ನ ಮಗಗ ಆ ಹೆಸರು ಹತ್ತಬಾರದವ್ವ. ಮುಚ್ಚಿಟ್ಟೀವಿ ಅಂತ ಇಷ್ಟ ದಿನ ಗೌರವದಿಂದ ಬದುಕೀವಿ."

ಅತ್ತೆಯ ಕಣ್ಣಲ್ಲಿ ನೀರಿತ್ತು. ಬೇರೆ ದಿನವಾಗಿದ್ದರೆ ಸುಮಂಗಲಾ ಎದ್ದು ಹೋಗಿ ಪಕ್ಕದಲ್ಲಿ ಕೂರುತ್ತಿದ್ದಳು.

"ಅತ್ತಿ, ನಿಮ್ಮ ತಮ್ಮ ಮೂರ್ಛಿಯಿಂದ ಸತ್ತಿಲ್ಲ. ಕಾಲಿವಿಗೆ ಅವನ್ನ ಒಬ್ಬನ್ನ ಬಿಟ್ಟಿದ್ದಕ್ಕ ಸತ್ತ. ಅವಗ ಒಂದು ಕಾಲಿವಿ ಇತ್ತು. ಇವರ ಬೆನ್ನ ಹಿಂದ ಗಾಡಿ ತುಂಬ ಕೂಸುಗಳು ಅದಾವ."

ಸೂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಮರೇಶಪ್ಪನ ದನಿ ಇದ್ದಕ್ಕಿದ್ದಂತೆ ಇಳಿಯಿತು.

"ಸುಮಾ, ಒಂದ್ ಮಾತ್ ಕೇಳ್ತೀನಿ. ಊರಾಗಿಂದ ಬಂದಾಗ ನಾ ಏನಿದ್ದೆ? ತಲಿ ಮ್ಯಾಲ ಸಿಮೆಂಟಿನ ಬುಟ್ಟಿ. ಮೇಸ್ತ್ರಿ 'ಏ ಕರ್ನಾಟಕ' ಅಂತ ಕರೀತಿದ್ದ, ಹೆಸರು ಸುದ್ದಾ ಇದ್ದಿಲ್ಲ. ಇವತ್ತ ಮಕ್ಕಳು ಅಂಕಲ್ ಅಂತಾವ, ಅವುಗಳ ಅಪ್ಪ ಅವ್ವ ನಮಸ್ಕಾರ ಅಂತಾರ. ಸ್ಟೇರಿಂಗ್ ಹಿಂದ ಕುಂತಾಗ ನಾ ಒಬ್ಬ ಮನಶಾ. ಇಳದ ಮ್ಯಾಲ ನಾ ಯಾರು, ನೀನಽ ಹೇಳು."

ಸುಮಂಗಲಾ ಅವನು ಸರಿಸಿದ್ದ ತಟ್ಟೆಯನ್ನು ಮತ್ತೆ ಅವನ ಮುಂದಿಟ್ಟಳು. ಅವನು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ತಟ್ಟೆ ಮುಂದಿಟ್ಟದ್ದನ್ನೇ ಒಪ್ಪಿಗೆಯೆಂದು ತಿಳಿದು ಅವನು ಚೇತರಿಸಿಕೊಂಡ.

"ಲೈಸೆನ್ಸ್ ಹೊಸಾದು ಮಾಡಿಸೂದು ಐತಿ. ಡಾಕ್ಟರ್ ಸರ್ಟಿಫಿಕೇಟ್ ಬೇಕು. ಗೋಪಿನಾಥಗ ಹೇಳೀನಿ, ನಾಡಿದ್ದು ಕರ್ಕೊಂಡ ಹೋಗ್ತಾನ. ಅಲ್ಲಿ ಡಾಕ್ಟರ ಏನಂತಾನ ನೋಡೂಣು. ನೀನೂ ಬಾ. ನಿನ್ನ ಕಣ್ಣಾರೆ ನೋಡು."

ಅಲ್ಲೊಬ್ಬ ಡಾಕ್ಟರು ಇರುತ್ತಾನೆ. ಡಾಕ್ಟರು ಕೇಳುತ್ತಾನೆ. ಕೇಳಿದಾಗ ನಾನು ಹೇಳುತ್ತೇನೆ. ಸುಮಂಗಲಾ ಆ ಒಂದು ಆಸೆಗೆ ತಲೆಯಾಡಿಸಿದಳು. ಅಲ್ಲಿಯವರೆಗೆ ಮಲ್ಲುವೇ ಗಾಡಿ ಓಡಿಸಲಿ ಎಂಬ ಅವಳ ಮಾತನ್ನು ಅವನೂ ಒಪ್ಪಿದ.

ಕ್ಲಿನಿಕ್ಕು ಮೆಹದಿಪಟ್ಟಣಂ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಜೆರಾಕ್ಸ್ ಅಂಗಡಿಯ ಮಗ್ಗುಲಿಗಿತ್ತು. ಹೊರಗೆ ಲಾರಿ, ಕ್ಯಾಬು, ಟ್ಯಾಂಕರಿನ ಡ್ರೈವರುಗಳು ಸಾಲಾಗಿ ನಿಂತಿದ್ದರು. ಲೈಸೆನ್ಸಿನ ಕೆಲಸ ಮಾಡಿಸಿಕೊಡುವ ಗೋಪಿನಾಥ, ಎಲ್ಲರ ಕಾಗದಗಳನ್ನೂ ಇಸ್ಪೀಟಿನ ಎಲೆಗಳಂತೆ ಹಿಡಿದುಕೊಂಡು ಒಳಗೆ ಹೊರಗೆ ಓಡಾಡುತ್ತಿದ್ದ. ಸಾಲಿನಲ್ಲಿದ್ದ ಮುದುಕ ಡ್ರೈವರೊಬ್ಬ ಪಾನ್ ಬಾಯಿಗಿಟ್ಟುಕೊಳ್ಳಲು ಹೋದಾಗ ಹಿಂದಿನವನು ತಡೆದ. "ಚಾಚಾ, ಪಾನ್ ಆಮೇಲೆ. ನೀನು ಅಗಿದು ಮುಗಿಸೋದ್ರೊಳಗೆ ನಿನ್ನ ಚೆಕಪ್ಪು ಮುಗಿದಿರುತ್ತೆ." ಎಲ್ಲರೂ ನಕ್ಕರು.

ಒಳಗೆ ಗೋಡೆಗೆ ಕಣ್ಣು ಪರೀಕ್ಷೆಯ ಅಕ್ಷರಗಳ ಹಲಗೆ ಇತ್ತು. ಅದರ ಮೇಲೆ ಕ್ಯಾಲೆಂಡರು ತೂಗುಹಾಕಿದ್ದರು. ಡಾಕ್ಟರು ಎಡಗೈಯಲ್ಲಿ ಫೋನು ಹಿಡಿದು ಯಾರೊಡನೆಯೋ ಮಗಳ ಮದುವೆಯ ಕಲ್ಯಾಣಮಂಟಪದ ವಿಷಯ ಮಾತಾಡುತ್ತಲೇ ಬಲಗೈಯಲ್ಲಿ ಬರೆಯುತ್ತಿದ್ದರು. ನಡುವೆ ಫೋನನ್ನು ಕಿವಿಯಿಂದ ತುಸು ಸರಿಸಿ, ತಲೆಯೆತ್ತದೆ, ದಕ್ಕನಿ ಉರ್ದುವಿನಲ್ಲಿ ಕೇಳಿದರು.

"ಫಿಟ್ಸು, ತಲೆ ಚಕ್ಕರು, ಮಿದುಳಿನ ಬೀಮಾರಿ, ಏನಾದ್ರೂ?"

ಉತ್ತರ ಕೇಳುವ ಮುಂಚೆಯೇ ಪೆನ್ನು ಮುಂದಿನ ಸಾಲಿಗೆ ಹೋಗಿತ್ತು.

"ಸಾಬ್, ಇನಕೂ..." ಎಂದಳು ಸುಮಂಗಲಾ, ಇವರಿಗೆ ಮೂರ್ಛೆ ಬರುತ್ತದೆ ಎನ್ನಲು ಹೊರಟು.

ಅಮರೇಶಪ್ಪನ ಚಪ್ಪಲಿ ಅವಳ ಪಾದವನ್ನು ಅದುಮಿತು. ಅಷ್ಟರಲ್ಲಿ ಗೋಪಿನಾಥ ಮುಂದೆ ಬಾಗಿ ನಕ್ಕ.

"ಸಾರ್, ಈಯನ ಚಾಲಾ ಭಕ್ತುಡು, ದೊಡ್ಡ ಭಕ್ತ! ಅಮಾವಾಸ್ಯೆ ದಿನ ಸ್ಟೀರಿಂಗೇ ಮುಟ್ಟಲ್ಲ. ಇಂಥವರಿಗೆ ಏನು ಬೀಮಾರಿ ಸಾರ್!"

"ಹೌದಾ? ಒಳ್ಳೇದು, ಒಳ್ಳೇದು," ಎಂದು ಡಾಕ್ಟರು ನಕ್ಕು ಸಹಿ ಹಾಕಿ ಮುದ್ರೆ ಒತ್ತಿದರು. ಮುಖ ನೋಡಲಿಲ್ಲ. ಯಾರ ದೇಹಕ್ಕೆ ಮುದ್ರೆ ಒತ್ತಿದರೋ ಅವನ ಮುಖವನ್ನು ಒಂದು ಸಲವೂ ನೋಡಲಿಲ್ಲ. ಹೊರಗೆ ನಿಂತವನು ಆಗಲೇ ಒಳಗೆ ಬಂದಿದ್ದ.

ದಾರಿಯಲ್ಲಿ ಅಮರೇಶಪ್ಪ ಜಿಲೇಬಿ ಕಟ್ಟಿಸಿದ. ಮನೆಗೆ ಬಂದು ತಾಯಿಯ ಬಾಯಿಗಿಟ್ಟ. ಹೆಂಡತಿಯ ಬಾಯಿಗೂ ಇಡಲು ಬಂದ. "ನೋಡು, ಡಾಕ್ಟರ ಬರದಾನ ನಾ ಗಟ್ಟಿ ಅದೀನಿ ಅಂತ. ನಾಳಿಂದ ಮಲ್ಲುಗ ಬ್ಯಾಡ ಅನ್ನು."

ಸುಮಂಗಲಾ ಜಿಲೇಬಿ ತಿಂದಳು. ಸಿಹಿಯಾಗಿಯೇ ಇತ್ತು. ಅದುಮಿದ ಪಾದ ಮಾತ್ರ ಉರಿಯುತ್ತಿತ್ತು. ಸಾಬ್ ಇನಕೂ ಎಂದು ಶುರು ಮಾಡಿದ ಮಾತು ಅಲ್ಲಿಂದ ಸನತ್‌ನಗರದವರೆಗೂ ಅರ್ಧಕ್ಕೇ ಉಳಿದಿತ್ತು. ಯಾರ ಮೇಲೆ ಸಿಟ್ಟು? ತಲೆಯೆತ್ತದ ಡಾಕ್ಟರ ಮೇಲೆ, ಹೌದು. ಹಲ್ಲು ಕಿರಿದ ಗೋಪಿನಾಥನ ಮೇಲೆ, ಗಂಡನ ಮೇಲೆ, ಅದೂ ಹೌದು. ಆದರೆ ಆ ಗಾಡಿ ಇಷ್ಟು ದಿನ ಓಡಿದ್ದು ಅವರ ಮುದ್ರೆಯಿಂದಲೇ? ತನ್ನಿಂದಲೂ ಅಲ್ಲವೇ? ತಾನು ಬೆನ್ನಿಗೆ ಕೂತಿದ್ದೇನೆಂಬ ಧೈರ್ಯದಿಂದಲೇ ಅವನು ಓಡಿಸಿದ. ತಾನು ಇದ್ದೇನೆಂಬ ನೆಮ್ಮದಿಯಿಂದಲೇ ಚಿತ್ರಾ ಮಗಳನ್ನು ಹತ್ತಿಸಿದಳು. ಹ್ಯಾಂಡ್‌ಬ್ರೇಕಿನ ಮೇಲಿಟ್ಟ ತನ್ನ ಕೈಯೇ ಈ ಸುಳ್ಳಿನ ಚಕ್ರಕ್ಕೆ ಎಣ್ಣೆ ಹಾಕುತ್ತ ಬಂದಿದೆ.

ಇದು ಹೊಳೆದ ಮೇಲೆ ಅವಳಿಗೆ ಅಳು ಬರಲಿಲ್ಲ. ಹಸಿವಾಯಿತು. ಇನ್ನೊಂದು ಜಿಲೇಬಿ ತಿಂದು, ಕೈ ತೊಳೆದು, ಮಲ್ಲುವಿಗೆ ಫೋನು ಮಾಡಿದಳು.

"ನಾಳಿ ಮುಂಜಾನಿ ಬಾ."

"ಅಣ್ಣಗ ಇನ್ನೂ ಆರಾಮಾಗಿಲ್ಲೇನ ವೈನಿ? ಅಮಾಸಿನೂ ಇನ್ನ ದೂರ ಐತಿ."

"ಬಾ ಅಂದ್ರ ಬಾ."

ಮರುದಿನ ಬೆಳಗಾಗುತ್ತಲೇ ಅವಳು ವ್ಯಾನು ಒರೆಸಿ ಮುಗಿಸಿದ್ದಳು. ಹೊಸ್ತಿಲ ಮೇಲೆ ಕೂತು ದಬ್ಬಳಕ್ಕೆ ದಾರ ಹಾಕಿ, ಮೆಣಸಿನಕಾಯಿ ಚುಚ್ಚಿ, ನಡುವೆ ನಿಂಬೆಹಣ್ಣು ಚುಚ್ಚಿ, ಮತ್ತೆ ಮೆಣಸಿನಕಾಯಿ ಚುಚ್ಚುತ್ತಿದ್ದಳು. ಸೂಗಮ್ಮ ಎದ್ದು ಬಂದವಳು ನಿಂತು ನೋಡಿದಳು.

"ಏನವ್ವ ಇದು? ಇವತ್ತ ಅಮಾಸಿ ಅಲ್ಲಲ್ಲ."

ಸೊಸೆ ದಾರಕ್ಕೆ ಗಂಟು ಹಾಕಿದಳು. ಎದ್ದು ಹೋಗಿ ಬಂಪರಿಗೆ ಕಟ್ಟಿದಳು. ಕರ್ಪೂರ ಹಚ್ಚಿದಳು. ಸ್ನಾನ ಮುಗಿಸಿ ಹೊರಬಂದ ಅಮರೇಶಪ್ಪ ಮೊಳೆಯತ್ತ ಕೈ ಚಾಚಿದ. ಮೊಳೆ ಖಾಲಿಯಿತ್ತು. ಗಾಡಿ ನೋಡಿದ, ಹೊಗೆಯಾಡುವ ಕರ್ಪೂರ ನೋಡಿದ, ಓಣಿಯ ತಿರುವಿನಲ್ಲಿ ತಲೆ ಬಾಚಿಕೊಳ್ಳುತ್ತ ಬರುತ್ತಿದ್ದ ಮಲ್ಲುವನ್ನು ನೋಡಿದ.

"ಕೀಲಿ ಎಲ್ಲಿ?"

ಸುಮಂಗಲಾ ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದು ಕೈಯಲ್ಲಿ ಗುಳಿಗೆ ಚಾಚಿದಳು.

"ನುಂಗ್ರಿ."

"ಕೀಲಿ ಎಲ್ಲಿ ಅಂತ ಕೇಳಾಕತ್ತೀನಿ."

"ನನ್ನ ಕಡೆ ಐತಿ. ನುಂಗ್ರಿ."

ಅವನ ಮುಖ ಕೆಂಪಾಯಿತು. ಬಾಯಿ ತೆರೆದ. ಆಗ ಎದುರಿನಿಂದ ಪಾರ್ವತೆಮ್ಮನ ದನಿ ಬಂತು.

"ಅಯ್ಯಯ್ಯ, ಅಮಾಸಿ ಇಲ್ಲದಿದ್ರೂ ಪೂಜಿ! ಇದೇನ ಹೊಸಾ ವ್ರತ ಹಿಡದಿಯೇನಪ್ಪಾ ಅಮರೇಶಪ್ಪ? ಸ್ಟೇರಿಂಗ ಮುಟ್ಟಂಗಿಲ್ಲ ಅಂತಿಯೇನು ಇವತ್ತೂ?"

ಮಲ್ಲುವೂ ಬಂದು ಕೈ ಕಟ್ಟಿ ನಿಂತ. ಹೂ ಕೊಳ್ಳುತ್ತಿದ್ದ ಇಬ್ಬರು ಹೆಂಗಸರು ತಿರುಗಿ ನೋಡಿದರು. ಅಮರೇಶಪ್ಪ ಹೆಂಡತಿಯ ಮುಖ ನೋಡಿದ. ಅಲ್ಲಿ ಬೇಡಿಕೆಯೂ ಇರಲಿಲ್ಲ, ಕಣ್ಣೀರೂ ಇರಲಿಲ್ಲ. ಒಂದೋ ಅವನು ಇಡೀ ಓಣಿಯೆದುರು, ಪೂಜೆ ಮಾಡಿದ ಗಾಡಿಯೆದುರು, ಭಕ್ತಿಯೆಲ್ಲ ಸುಳ್ಳೆಂದು ಕೂಗಬೇಕು. ಇಲ್ಲವೇ ತಾನೇ ಕಟ್ಟಿದ ಕಟ್ಟಳೆಗೆ ತಾನೇ ತಲೆಬಾಗಬೇಕು.

"ಹೂಂ ಅಕ್ಕ," ಎಂದ ಕೊನೆಗೆ. ದನಿ ಒಡೆದಿತ್ತು. "ಇವತ್ತೂ ಮುಟ್ಟಂಗಿಲ್ಲ."

ಗುಳಿಗೆಯನ್ನು ಇಸಿದುಕೊಂಡು, ನುಂಗದೆ, ಮುಷ್ಟಿಯಲ್ಲಿ ಹಿಡಿದು ಹೊಸ್ತಿಲ ಮೇಲೆ ಕೂತುಬಿಟ್ಟ. ಸೂಗಮ್ಮ ಮಗನನ್ನೂ ಸೊಸೆಯನ್ನೂ ನೋಡಿದಳು. ಎಷ್ಟೋ ಹೊತ್ತಿನ ಮೇಲೆ ಸೊಸೆಯ ಕೈಯಿಂದ ನೀರಿನ ಲೋಟ ಇಸಿದುಕೊಂಡು ಮಗನ ಮುಂದೆ ಹಿಡಿದು, "ನುಂಗಪ್ಪ," ಎಂದಳು; ಸುಮಂಗಲಾ ಸೊಂಟದಿಂದ ಕೀಲಿ ತೆಗೆದು ಮಲ್ಲುವಿನ ಕೈಗಿಟ್ಟಳು.